ಟಿವಿಯಲ್ಲಿ ಹೊಳೆ ಯಾಕೆ ಅಷ್ಟು ದೊಡ್ಡದಾಗಿ ಕಾಣುತ್ತದೆ?

ಆಗಸ್ಟ್ ಬಂತೆಂದರೆ ಜಮಖಂಡಿ, ಮುಧೋಳ, ಚಿಕ್ಕೋಡಿ ಕಡೆ ಚಹಾದಂಗಡಿಯ ಟಿವಿ ಮುಂದೆ ಕೂತವರೆಲ್ಲ ವಿಮರ್ಶಕರೇ. ‘ಮುಂಜಾನಿಂದ ಅದ ವಿಡಿಯೋ ತೋರ್ಸಾಕತ್ತಾರ್ರಿ’ ಎಂದು ಒಬ್ಬರು. ‘ಹಳೇದೈತಿ ಬಿಡ್ರಿ, ಈ ಸಲ ಪೂಲ್ ಇನ್ನೂ ಮುಳುಗಿಲ್ಲ’ ಎಂದು ಇನ್ನೊಬ್ಬರು. ಪ್ರವಾಹದ ಸುದ್ದಿಯ ಬಗ್ಗೆ ಇವರಷ್ಟು ಖಚಿತವಾಗಿ ಮಾತಾಡಬಲ್ಲವರು ಕಡಿಮೆ. ತೆರೆಯ ಮೇಲಿನ ಹೊಳೆ, ಊರ ಪಕ್ಕದ ಹೊಳೆ ಎರಡನ್ನೂ ಅವರು ಅದೇ ದಿನ ನೋಡಿರುತ್ತಾರೆ. ಅವರ ದೂರುಗಳಲ್ಲಿ ಕೆಲವಕ್ಕೆ ವಾಹಿನಿಗಳ ಅವಸರ ಕಾರಣ. ಇನ್ನು ಕೆಲವಕ್ಕೆ ಕಾರಣ ಬೇರೆ ಇದೆ. ಅದು ಲೆನ್ಸಿನಲ್ಲಿದೆ, ಕಿವಿಯಲ್ಲಿದೆ, ನಮ್ಮ ಮಿದುಳಿನಲ್ಲೂ ಇದೆ.

ಮೊದಲು ಲೆನ್ಸ್. ‘ಹೊಳಿ ಮನಿ ಬಾಗಲಕ್ಕ ಬಂದಂಗ ತೋರಸ್ತಾರ’ ಎನ್ನುವ ಮಾತು ಪ್ರತಿ ಮಳೆಗಾಲದಲ್ಲೂ ಕೇಳಿಬರುತ್ತದೆ. ಸುಳ್ಳು ಚಿತ್ರವನ್ನೇನೂ ತೋರಿಸುವುದಿಲ್ಲ, ಆದರೂ ಹಾಗೆ ಕಾಣುತ್ತದೆ. ಯಾವುದೇ ವಸ್ತು ಎಷ್ಟು ದೂರ ಇದೆಯೋ ಅಷ್ಟು ಚಿಕ್ಕದಾಗಿ ಕಾಣುತ್ತದೆ, ಅಲ್ವಾ? ಕ್ಯಾಮೆರಾದಿಂದ 20 ಮೀಟರ್ ದೂರದಲ್ಲಿ ನೀರಿನ ಅಂಚು, 120 ಮೀಟರ್ ದೂರದಲ್ಲಿ ಒಂದು ಮನೆ ಇದೆ ಎಂದುಕೊಳ್ಳಿ. ಮನೆ ಆರು ಪಟ್ಟು ದೂರ. ಹಾಗಾಗಿ ಚಿತ್ರದಲ್ಲಿ ಅದು ಸಣ್ಣದಾಗಿ, ಹಿಂದೆ ಎಲ್ಲೋ ಕಾಣುತ್ತದೆ. ಈಗ ಕ್ಯಾಮೆರಾದವರು 500 ಮೀಟರ್ ಹಿಂದೆ ಸರಿದು ಜೂಮ್ ಮಾಡಿದರು. ನೀರು 520 ಮೀಟರ್, ಮನೆ 620 ಮೀಟರ್. ಎರಡರ ದೂರದಲ್ಲಿ ಈಗ ಸುಮಾರು 1.2 ಪಟ್ಟು ಮಾತ್ರ ವ್ಯತ್ಯಾಸ. ನಡುವೆ ಇರುವ ನೂರು ಮೀಟರ್ ಚಿತ್ರದಲ್ಲಿ ಮಾಯವಾಗಿಬಿಡುತ್ತದೆ, ನೀರು ಗೋಡೆಗೇ ತಾಗಿದಂತೆ ಕಾಣುತ್ತದೆ. ಇಲ್ಲಿ ಜೂಮ್‌ನದೇನೂ ತಪ್ಪಿಲ್ಲ. ದೂರ ನಿಂತದ್ದೇ ಕಾರಣ. ಜೂಮ್ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ ಅಷ್ಟೇ. ಪ್ರವಾಹದ ವೇಳೆ ದೂರ ನಿಲ್ಲುವುದು ಕ್ಷೇಮವೂ ಹೌದು. ಆದರೆ ‘ಇದು ದೂರದಿಂದ ತೆಗೆದ ದೃಶ್ಯ’ ಎಂದು ತೆರೆಯ ಮೇಲೆ ಒಂದು ಸಾಲು ಹಾಕಲು ಏನು ಕಷ್ಟ?

ಇನ್ನೊಂದು ದೂರು, ಹೊಳೆ ತೋರಿಸುವಾಗಲೇ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ ಎನ್ನುವುದು. ಸ್ಟುಡಿಯೋದಲ್ಲಿ ಕೂತವರ ಮುಖ ಮಾತ್ರ ಗಾಜಿನಷ್ಟು ಸ್ವಚ್ಛ. ಡಿಜಿಟಲ್ ವಿಡಿಯೋ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಕಳಿಸುವುದಿಲ್ಲ. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಏನು ಬದಲಾಗಿದೆಯೋ ಹೆಚ್ಚಾಗಿ ಅಷ್ಟನ್ನೇ ಕಳಿಸುತ್ತದೆ. ನಿರೂಪಕರ ಹಿಂದಿನ ಗೋಡೆ ಅಲುಗಾಡುವುದಿಲ್ಲ, ಹಾಗಾಗಿ ಸ್ವಲ್ಪ ಡೇಟಾ ಸಾಕು. ಕೆಂಪು ನೀರು ಸುಳಿದು ನುಗ್ಗುವಾಗ ತೆರೆಯ ಮೂಲೆ ಮೂಲೆಯೂ ಕ್ಷಣ ಕ್ಷಣಕ್ಕೆ ಬದಲಾಗುತ್ತಿರುತ್ತದೆ. ಈಗ ಎಷ್ಟೋ ವರದಿಗಾರರು ಬೆನ್ನಿಗೆ ಹಾಕಿಕೊಂಡ ಚೀಲದಂಥ ಯಂತ್ರದಿಂದ, ಹಲವು ಮೊಬೈಲ್ ಸಿಮ್‌ಗಳನ್ನು ಒಟ್ಟಿಗೆ ಬಳಸಿ ನೇರಪ್ರಸಾರ ಮಾಡುತ್ತಾರೆ. ಹೊಳೆದಂಡೆಯ ಟವರ್ ಸೋತರೆ ಮೊದಲು ಕೆಡುವುದು ನೀರಿನ ಚಿತ್ರವೇ. ಸ್ಟುಡಿಯೋದಿಂದ ಕೇಳಿದ ಪ್ರಶ್ನೆಗೆ ವರದಿಗಾರರು ಸುಮ್ನೆ ತಲೆ ಆಡಿಸುತ್ತಾ ನಿಲ್ಲುವುದಕ್ಕೂ ಕಾರಣ ಇಂಥದ್ದೇ. ಮಾತು ಉಪಗ್ರಹದ ದಾರಿಯಲ್ಲಿ ಹೋದರೆ, ಆ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಸಂಕೇತ ಹೋಗಿ ಇಳಿಯಲು ಸೆಕೆಂಡಿನ ಕಾಲು ಭಾಗ ಬೇಕು. ಮೊಬೈಲ್ ದಾರಿಯಲ್ಲಿ, ಮುರಿದ ತುಣುಕುಗಳನ್ನು ಜೋಡಿಸುವಷ್ಟರಲ್ಲಿ, ಇನ್ನೂ ಜಾಸ್ತಿ ಹೊತ್ತಾಗಬಹುದು. ಅವರು ಪ್ರಶ್ನೆ ಮರೆತು ನಿಂತದ್ದಲ್ಲ, ಪ್ರಶ್ನೆ ಇನ್ನೂ ದಾರಿಯಲ್ಲಿದೆ.

ಸಂಜೆಯಾದರೆ ಚರ್ಚೆ. ಆರು ಚೌಕಗಳಲ್ಲಿ ಆರು ಮಂದಿ, ಎಲ್ಲರೂ ಒಟ್ಟಿಗೆ. ‘ಒಂದ ಮಾತೂ ತಿಳಿವಲ್ದು’ ಎಂದು ರಿಮೋಟ್ ಹುಡುಕುವ ಹಿರಿಯರು ಎಲ್ಲ ಮನೆಯಲ್ಲೂ ಇದ್ದಾರೆ. ಮಜಾ ಏನೆಂದರೆ, ಅದೇ ಹಿರಿಯರು ಗುಡಿಯ ಕಟ್ಟೆಯ ಮೇಲೆ ಆರು ಜನ ಒಮ್ಮೆಲೇ ವಾದ ಮಾಡಿದರೂ ಬೇಕಾದವರ ಮಾತನ್ನು ಹೆಕ್ಕಿ ಕೇಳಿಸಿಕೊಳ್ಳುತ್ತಾರೆ. ಕಟ್ಟೆಯ ಮೇಲೆ ಒಬ್ಬೊಬ್ಬರ ದನಿ ಒಂದೊಂದು ದಿಕ್ಕಿನಿಂದ ಬರುತ್ತದೆ. ಎಡಗಡೆಯ ದನಿ ಎಡಗಿವಿಗೆ ಒಂದು ಚೂರು ಮೊದಲು ಮುಟ್ಟುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ವ್ಯತ್ಯಾಸ. ಮಿದುಳಿಗೆ ಅಷ್ಟು ಸಾಕು, ದನಿಗಳನ್ನು ಬೇರೆ ಬೇರೆ ಮಾಡುತ್ತದೆ. 1953ರಲ್ಲಿ ಕಾಲಿನ್ ಚೆರ್ರಿ ಎಂಬ ಬ್ರಿಟಿಷ್ ವಿಜ್ಞಾನಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಒಬ್ಬನೇ ಓದಿದ ಎರಡು ಪಾಠಗಳನ್ನು ಬೆರೆಸಿ ಎರಡೂ ಕಿವಿಗೆ ಕೇಳಿಸಿದರೆ ಬಿಡಿಸಿಕೊಳ್ಳಲು ಜನ ಒದ್ದಾಡಿದರು. ಒಂದೊಂದು ಕಿವಿಗೆ ಒಂದೊಂದು ಪಾಠ ಕೊಟ್ಟಾಗ ಬೇಕಾದದ್ದನ್ನು ಸಲೀಸಾಗಿ ಹಿಂಬಾಲಿಸಿದರು. ಟಿವಿಯಲ್ಲಿ ಆರೂ ದನಿಗಳು ಬೆರೆತು ಒಂದೇ ಕಡೆಯಿಂದ ಬರುತ್ತವೆ. ಕಿವಿಗೆ ದಿಕ್ಕೇ ಸಿಗುವುದಿಲ್ಲ. ಅರ್ಥವಾಗದಿದ್ದರೆ ಅದು ವಯಸ್ಸಿನ ತಪ್ಪು ಅಂದುಕೊಳ್ಳಬೇಡಿ. ಆರು ಮೈಕುಗಳನ್ನೂ ತೆರೆದಿಟ್ಟವರನ್ನು ಕೇಳಬೇಕು.

ಇಷ್ಟರ ಮಧ್ಯೆ ಕೆಳಗೆ ಓಡುವ ಪಟ್ಟಿ ಬೇರೆ. 2001ರ ಸೆಪ್ಟೆಂಬರ್ 11ರ ದಾಳಿಯ ದಿನ ಅಮೆರಿಕದ ಸುದ್ದಿ ವಾಹಿನಿಗಳು ತುರ್ತಿಗೆಂದು ಹಾಕಿದ ಈ ಪಟ್ಟಿ ಆಮೇಲೆ ತೆರೆ ಬಿಟ್ಟು ಇಳಿಯಲೇ ಇಲ್ಲ. ಅಲುಗಾಡುವುದು ಏನು ಕಂಡರೂ ಅತ್ತ ತಿರುಗುವುದು ಕಣ್ಣಿನ ಹುಟ್ಟುಗುಣ. ರಷ್ಯಾದ ವಿಜ್ಞಾನಿ ಪಾವ್ಲೋವ್ ಅದನ್ನು ‘ಏನದು?’ ಎನ್ನುವ ಪ್ರತಿವರ್ತನೆ ಎಂದು ಕರೆದಿದ್ದರು. ಹುಲ್ಲು ಅಲುಗಾಡಿದಾಗ ನೋಡದೇ ಇದ್ದ ಪ್ರಾಣಿ ಬಹಳ ದಿನ ಬದುಕುತ್ತಿರಲಿಲ್ಲ. ಆದರೆ ಕಣ್ಣು ಪಟ್ಟಿಯ ಕಡೆ ಹೋದಾಗ ಕಿವಿಯ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಟ್ಟಿ, ಚಿತ್ರ ಎಲ್ಲ ತುಂಬಿದ ತೆರೆಯಲ್ಲಿ ಸುದ್ದಿ ನೋಡಿದವರು ಅದೇ ಸುದ್ದಿಯನ್ನು ಖಾಲಿ ತೆರೆಯಲ್ಲಿ ನೋಡಿದವರಿಗಿಂತ ಕಡಿಮೆ ವಿಷಯ ನೆನಪಿಟ್ಟುಕೊಂಡಿದ್ದರು. ಬಿಟ್ಟೂ ಬಿಡದೆ ತಿರುಗುವ ಒಂದೇ ದೃಶ್ಯದ ಪರಿಣಾಮ ಬೇರೆ ಥರ. ಸುಲಭವಾಗಿ ನೆನಪಿಗೆ ಬರುವುದೇ ಹೆಚ್ಚಾಗಿ ನಡೆಯುತ್ತಿದೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1973ರಲ್ಲೇ ಇದನ್ನು ಬರೆದಿದ್ದರು. ಕುಸಿದ ಒಂದು ಮನೆಯನ್ನು ಐವತ್ತು ಸಲ ತೋರಿಸಿದರೆ, ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳಿಗೆ ಊರಿಗೆ ಊರೇ ಕುಸಿದಂತೆ. ‘ಅವ್ವಾ, ಮನಿ ಐತಿಲ್ಲೋ?’ ಎಂದು ಫೋನ್ ಬರುತ್ತದೆ.

ಆ ಓಡುವ ಪಟ್ಟಿಯಲ್ಲಿ ಬರುವ ಸಂಖ್ಯೆಗಳದ್ದೇ ದೊಡ್ಡ ಕತೆ. ‘1 ಲಕ್ಷ ಕ್ಯೂಸೆಕ್ ನೀರು ಬಿಡುಗಡೆ!’ ಎಂದು ಕೆಂಪು ಅಕ್ಷರದಲ್ಲಿ ಬರುತ್ತದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಹೆಚ್ಚೂಕಡಿಮೆ ಎರಡು ಕೊಡ ನೀರು. 1 ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಆಣೆಕಟ್ಟೆ ಹಿಡಿಯುವುದು ಸುಮಾರು 123 ಟಿಎಂಸಿ. 2019ರ ಆಗಸ್ಟ್‌ನಲ್ಲಿ ಅಲ್ಲಿಂದ ಹೊರಹರಿವು 5 ಲಕ್ಷ ಕ್ಯೂಸೆಕ್ ದಾಟಿತ್ತು. ಅಷ್ಟು ನೀರು ದಿನಕ್ಕೆ 43 ಟಿಎಂಸಿ ಆಗುತ್ತದೆ. ಒಳಗೆ ಹನಿಯೂ ಬರದಿದ್ದರೆ ತುಂಬಿದ ಆಲಮಟ್ಟಿ ಮೂರು ದಿನದೊಳಗೆ ಬರಿದಾಗುವಷ್ಟು ರಭಸ! ಈ ಲೆಕ್ಕ ಹೇಳಿದ್ದರೆ ಕೆಂಪು ಅಕ್ಷರವೇ ಬೇಕಿರಲಿಲ್ಲ.

ಅದೇ ಸಂಖ್ಯೆಗೆ ಎಲ್ಲ ಹೊಳೆಯಲ್ಲೂ ಒಂದೇ ಅರ್ಥ ಇಲ್ಲ. ಕೃಷ್ಣೆಗೆ 1 ಲಕ್ಷ ಕ್ಯೂಸೆಕ್ ಬಂದರೆ ಚಿಕ್ಕೋಡಿ ಕಡೆಯ ತಗ್ಗಿನ ಸೇತುವೆಗಳು ಮುಳುಗಬಹುದು. ಘಟಪ್ರಭೆಗೆ ಅಷ್ಟು ಬಂದರೆ ಗೋಕಾಕದ ಮನೆಗಳಿಗೇ ನೀರು ನುಗ್ಗುತ್ತದೆ.

ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವುದು ದಿಕ್ಕಿನ ಗೊಂದಲ. ‘ಆಲಮಟ್ಟಿಯಿಂದ ಭಾರಿ ನೀರು ಬಿಡುಗಡೆ, ಬಾಗಲಕೋಟೆ ಜನರಲ್ಲಿ ಆತಂಕ’ ಎಂಬಂಥ ಸಾಲು ಓದಿದರೆ ಇಲ್ಲಿನವರು ನಗುತ್ತಾರೆ. ಬಾಗಲಕೋಟೆ ಇರುವುದು ಆಣೆಕಟ್ಟೆಯ ಹಿಂದೆ, ಹಿನ್ನೀರಿನ ದಂಡೆಗೆ. ಗೇಟು ತೆರೆದರೆ ಇಲ್ಲಿ ನೀರು ತಗ್ಗುತ್ತದೆ, ಏರುವುದಿಲ್ಲ. ಬಿಟ್ಟ ನೀರು ನಾರಾಯಣಪುರ ದಾಟಿ ಯಾದಗಿರಿ, ರಾಯಚೂರಿಗೆ ಹೋಗುತ್ತದೆ. ಎಚ್ಚರಿಕೆ ಬೇಕಾದದ್ದು ಅಲ್ಲಿಯವರಿಗೆ. ಇಲ್ಲಿಯವರು ಕೇಳುವುದು ಬೇರೆ: ಮೇಲಿನ ಆಣೆಕಟ್ಟೆಗಳಾದ ಕೊಯ್ನಾದಿಂದ ಎಷ್ಟು ಬಿಟ್ಟರು, ಹಿಡಕಲ್‌ನಿಂದ ಎಷ್ಟು ಬರುತ್ತಿದೆ, ಆಲಮಟ್ಟಿಯ ಒಳಹರಿವಿಗಿಂತ ಹೊರಹರಿವು ಹೆಚ್ಚೋ ಕಡಿಮೆಯೋ, ಆಲಮಟ್ಟಿ ತುಂಬುವ ಮಟ್ಟವಾದ 519.60 ಮೀಟರ್ ಮುಟ್ಟಲು ಇನ್ನೆಷ್ಟು ಬಾಕಿ. ತೆರೆಯ ಒಂದು ಮೂಲೆಯಲ್ಲಿ, ಓಡದೆ ನಿಂತ ನಾಲ್ಕು ಸಾಲು ಇದಕ್ಕೆ ಸಾಕು. ಕ್ರಿಕೆಟ್ ಸ್ಕೋರನ್ನು ಹಾಗೆ ಹಾಕುವುದು ವಾಹಿನಿಗಳಿಗೆ ಚೆನ್ನಾಗಿಯೇ ಗೊತ್ತಿದೆ.