ಪೊರೆಯ ಪ್ರೋಟೀನ್ ಮತ್ತು ಡಿಟರ್ಜೆಂಟ್: ಕಡಿಮೆ ಖರ್ಚಿನಲ್ಲಿ ತೆಗೆಯುವುದು ಹೇಗೆ?

ಜೀವಕೋಶದ ಪೊರೆಯಿಂದ ಪ್ರೋಟೀನ್ ಬಿಡಿಸಲು ಸಾಮಾನ್ಯವಾಗಿ ಡಿಟರ್ಜೆಂಟ್ ಬೇಕು. ಆಮೇಲೆ ಅದನ್ನು ತೆಗೆಯುವುದೇ ತಲೆನೋವು. ದುಬಾರಿ ಕಿಟ್ ತರಿಸುವ ಮೊದಲು ನಿಮ್ಮ ಡಿಟರ್ಜೆಂಟ್‌ನ ಸಿಎಂಸಿ ನೋಡಿಕೊಳ್ಳಿ. ಎಷ್ಟು ಸಾಂದ್ರತೆ ದಾಟಿದರೆ ಅಣುಗಳು ಗುಂಪುಗೂಡಿ ಮೈಸೆಲ್ ಆಗುತ್ತವೋ ಅದೇ ಸಿಎಂಸಿ.

ಆಕ್ಟೈಲ್ ಗ್ಲುಕೋಸೈಡ್‌ಗೆ ಇದು ಸುಮಾರು 20 ಮಿಲಿಮೋಲಾರ್. 1% ದ್ರಾವಣದಲ್ಲಿ ಇರುವುದು 34. ಹತ್ತು ಪಟ್ಟು ತೆಳು ಮಾಡಿದರೆ 3.4ಕ್ಕೆ ಇಳಿಯುತ್ತದೆ, ಮೈಸೆಲ್‌ಗಳು ಒಡೆದು ಬಿಡಿ ಅಣುಗಳಾಗುತ್ತವೆ. ಒಂದೊಂದು ಅಣು 292 ಡಾಲ್ಟನ್ ಅಷ್ಟೇ. ಡಯಾಲಿಸಿಸ್ ಚೀಲದಿಂದ (ಸಣ್ಣ ಅಣುಗಳನ್ನಷ್ಟೇ ಹೊರಬಿಟ್ಟು ಪ್ರೋಟೀನ್ ಉಳಿಸಿಕೊಳ್ಳುವ ಸಣ್ಣ ರಂಧ್ರಗಳ ಚೀಲ) ಸಲೀಸಾಗಿ ಹೊರಗೆ ಹೋಗುತ್ತವೆ. ಚೀಲ, ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ), ಫ್ರಿಜ್ ಇದ್ದರೆ ಸಾಕು.

ಡಿಡಿಎಂ (ಡೋಡೆಸೈಲ್ ಮಾಲ್ಟೋಸೈಡ್) ಅನ್ನುವ ಇನ್ನೊಂದು ಡಿಟರ್ಜೆಂಟ್‌ನ ಕಥೆ ಬೇರೆ. ಅದರ ಸಿಎಂಸಿ ಬರೀ 0.17 ಮಿಲಿಮೋಲಾರ್. 0.1% ದ್ರಾವಣ ಅಂದರೆ ಸುಮಾರು 2. ಹತ್ತು ಪಟ್ಟು ತೆಳು ಮಾಡಿದರೂ 0.2, ಇನ್ನೂ ಸಿಎಂಸಿ ಮೇಲೇ ಇದೆ ಅಲ್ವಾ? ಮೈಸೆಲ್ ಸುಮಾರು 70 ಕಿಲೋಡಾಲ್ಟನ್, ಚೀಲ ದಾಟುವುದಿಲ್ಲ. ದಿನಗಟ್ಟಲೆ ಸುಮ್ನೆ ಬಫರ್ ಬದಲಿಸುತ್ತಾ ಕೂರಬೇಕು. 50 ಕಿಲೋಡಾಲ್ಟನ್ ಫಿಲ್ಟರ್‌ನಲ್ಲಿ ಗಟ್ಟಿ ಮಾಡಲು ಹೋದರೆ ಪ್ರೋಟೀನ್ ಜೊತೆ ಡಿಟರ್ಜೆಂಟೂ ಜಾಸ್ತಿಯಾಗುತ್ತದೆ.

ಇಂಥದ್ದಕ್ಕೆ ಡಿಟರ್ಜೆಂಟ್ ಹೀರಿಕೊಳ್ಳುವ ಪಾಲಿಸ್ಟೈರೀನ್ ಮಣಿಗಳೇ ಸರಿ. ಬಯೋ-ಬೀಡ್ಸ್ ಎಸ್ಎಂ-2 ಹೆಸರುವಾಸಿ. ಆಂಬರ್‌ಲೈಟ್ ಎಕ್ಸ್ಎಡಿ-2 ಕೂಡ ಅದೇ ಜಾತಿಯದು, ಎರಡರ ಬೆಲೆಯನ್ನೂ ವಿಚಾರಿಸಿ. ಒಣ ಮಣಿಗಳೊಳಗೆ ಗಾಳಿ ಇರುತ್ತದೆ, ಹಾಗೇ ಹಾಕಿದರೆ ತೇಲುತ್ತವೆ. ಮೊದಲು ಮೆಥನಾಲ್, ಆಮೇಲೆ ನಾಲ್ಕೈದು ಸಲ ನೀರು, ಕೊನೆಗೆ ಬಫರ್‌ನಲ್ಲಿ ತೊಳೆಯಿರಿ. ಮತ್ತೆ ಒಣಗಲು ಬಿಡಬೇಡಿ. 1 ಗ್ರಾಂ ಒದ್ದೆ ಮಣಿ ಸುಮಾರು 100 ಮಿಲಿಗ್ರಾಂ ಡಿಡಿಎಂ ಹೀರುತ್ತದೆ. 1 ಮಿಲಿಲೀಟರ್‌ನಲ್ಲಿ 1 ಮಿಲಿಗ್ರಾಂ ಡಿಡಿಎಂ ಇದ್ದರೆ ಲೆಕ್ಕಕ್ಕೆ 10 ಮಿಲಿಗ್ರಾಂ ಮಣಿ ಸಾಕು. ತಣ್ಣಗಿದ್ದಾಗ ಹೀರುವುದು ನಿಧಾನ, ಹಾಗಾಗಿ ಹಲವು ಪಟ್ಟು ಹಾಕುತ್ತಾರೆ. ಆದರೆ ಒಂದೇ ಸಲಕ್ಕೆ ಸುರಿಯಬೇಡಿ, ಕಂತು ಕಂತಾಗಿ ಹಾಕಿ. ಡಿಟರ್ಜೆಂಟ್ ಹೋದ ಜಾಗಕ್ಕೆ ಲಿಪಿಡ್ (ಪೊರೆಯಲ್ಲಿರುವಂಥ ಕೊಬ್ಬಿನ ಅಣು) ಬರದಿದ್ದರೆ ಪ್ರೋಟೀನ್ ಗಂಟುಕಟ್ಟಿ ತಳ ಸೇರುತ್ತದೆ. ಕೊನೆಯಲ್ಲಿ ದ್ರಾವಣ ಎಳೆಯಲು ಇನ್ಸುಲಿನ್ ಸಿರಿಂಜ್ ಸಾಕು, ಆ ಸೂಜಿಯೊಳಗೆ ಮಣಿ ತೂರುವುದಿಲ್ಲ.

ಬೇರೆ ಡಿಟರ್ಜೆಂಟ್‌ಗೆ ಬದಲಿಸುವುದಷ್ಟೇ ನಿಮ್ಮ ಕೆಲಸವಾದರೆ ಮಣಿಯೂ ಬೇಡ. ಹಿಸ್-ಟ್ಯಾಗ್ (ನಿಕಲ್‌ಗೆ ಅಂಟುವ ಹಿಸ್ಟಿಡಿನ್ ಬಾಲ) ಇರುವ ಪ್ರೋಟೀನ್ ನಿಕಲ್ ಕಾಲಮ್‌ಗೆ ಅಂಟಿರುವಾಗಲೇ ಹೊಸ ಡಿಟರ್ಜೆಂಟ್ ಇರುವ ಬಫರ್‌ನಲ್ಲಿ ಚೆನ್ನಾಗಿ ತೊಳೆಯಿರಿ.

ಎಷ್ಟು ಉಳಿದಿದೆ ಅಂತ ನೋಡಲು, ಡಿಡಿಎಂನಂಥ ಸಕ್ಕರೆ ತಲೆಯ ಡಿಟರ್ಜೆಂಟ್‌ಗೆ ಫೀನಾಲ್-ಸಲ್ಫ್ಯೂರಿಕ್ ಆಮ್ಲದ ಹಳೇ ಪರೀಕ್ಷೆ ಸಾಕು. ಹಳದಿ-ಕಿತ್ತಳೆ ಬಣ್ಣ ಬರುತ್ತದೆ, 490 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಎರಡೂ ಚರ್ಮ ಸುಡುವ ವಸ್ತುಗಳು, ಫ್ಯೂಮ್ ಹುಡ್‌ನಲ್ಲೇ ಮಾಡಿ. ಬಫರ್‌ನಲ್ಲಿ ಸುಕ್ರೋಸ್ (ಅದೂ ಸಕ್ಕರೆಯೇ) ಇದ್ದರೆ ಮಾತ್ರ ಈ ಲೆಕ್ಕ ನಂಬಬೇಡಿ.