ಹುಳಿ ಮುರುಗಲು ರಸದಲ್ಲಿ ಯೀಸ್ಟ್ ಸಾಯುವುದಿಲ್ಲ ಯಾಕೆ?

ಬೇಸಿಗೆಯಲ್ಲಿ ಕುಮಟಾ, ಹೊನ್ನಾವರ, ಶಿರಸಿ ಕಡೆ ಮನೆಮನೆಯಲ್ಲೂ ಮುರುಗಲು ಸಿಪ್ಪೆಗೆ ಸಕ್ಕರೆ ಬೆರೆಸಿ ಭರಣಿಗೆ ತುಂಬುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ ಆ ರಸದ ಕೆಲವು ಬಾಟಲಿ ಉಬ್ಬುವುದೂ ಮಾಮೂಲು. ಮುಚ್ಚಳ ತಿರುಗಿಸಿದರೆ ಬುಸ್ ಎಂದು ನೊರೆ, ಕಳ್ಳಿನ ವಾಸನೆ. ಅಷ್ಟು ಹುಳಿ ಇದೆ, ಸಕ್ಕರೆ ಇದೆ, ಮೇಲೆ ಕೆಡದಿರಲಿ ಎಂದು ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕವನ್ನೂ ಹಾಕಿದ್ದಾಗಿದೆ. ಆದರೂ ಕೆಡುತ್ತದಲ್ಲ!

ನೊರೆ ಎಬ್ಬಿಸುವುದು ಯೀಸ್ಟ್. ಅದಕ್ಕೆ ಹುಳಿ ಹೊಸದೇನಲ್ಲ. ಫ್ರಾನ್ಸಿನ ಲೂಯಿ ಪಾಶ್ಚರ್ 1860ರಲ್ಲೇ ಇದನ್ನು ಕಂಡಿದ್ದ. ಸಕ್ಕರೆ ಹುದುಗುವಾಗ ಆಲ್ಕೋಹಾಲ್ ಜೊತೆಗೆ ಒಂದಿಷ್ಟು ಸಕ್ಸಿನಿಕ್ ಆಮ್ಲವೂ ಹುಟ್ಟುತ್ತದೆ ಎಂದು ಬರೆದ. ಅಂದರೆ ಯೀಸ್ಟ್ ತಾನಿರುವ ನೀರನ್ನು ತಾನೇ ಹುಳಿ ಮಾಡಿಕೊಳ್ಳುತ್ತದೆ. ಹೊರಗೆ ಎಷ್ಟೇ ಹುಳಿ ಇರಲಿ, ಕೋಶದ ಒಳಗೆ ಮಾತ್ರ ಹುಳಿ ಏರಲು ಬಿಡುವುದಿಲ್ಲ. ಕೋಶದ ಪೊರೆಯಲ್ಲಿರುವ ಪಿಎಂಎ1 ಎಂಬ ಪ್ರೋಟೀನ್ ಪಂಪು, ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನುಗಳನ್ನು ಸದಾ ಹೊರಗೆ ತಳ್ಳುತ್ತಿರುತ್ತದೆ. ಇದರ ಜೀನ್ ಸಿಕ್ಕಿದ್ದು 1986ರಲ್ಲಿ.

ಬೆಂಜೊಯೇಟ್ ಕೆಲಸ ಮಾಡುವುದು ಇದನ್ನು ಮೀರಿಸುವ ಉಪಾಯದಿಂದ. ಹುಳಿ ರಸದಲ್ಲಿ ಅದು ಬೆಂಜೋಯಿಕ್ ಆಮ್ಲವಾಗಿ, ಪೊರೆ ದಾಟಿ ಸಲೀಸಾಗಿ ಒಳಗೆ ನುಗ್ಗುತ್ತದೆ. ಒಳಗೆ ಹುಳಿ ಕಡಿಮೆ. ಅಲ್ಲಿ ಆಮ್ಲ ಒಡೆದು ಹೈಡ್ರೋಜನ್ ಅಯಾನು ಬಿಡುತ್ತದೆ. ಉಳಿದ ಬೆಂಜೊಯೇಟ್ ಅಯಾನಿಗೆ ಪೊರೆ ದಾಟಿ ವಾಪಸ್ ಬರಲಾಗದು. ಕೋಶಕ್ಕೆ ಒಳಗಿಂದಲೇ ಏಟು. ಹುಳಿಯೇ ಇಲ್ಲದ ತಿನಿಸಿಗೆ ಸುಮ್ನೆ ಬೆಂಜೊಯೇಟ್ ಹಾಕುವವರಿದ್ದಾರೆ. ಅದು ಹೆಚ್ಚುಕಡಿಮೆ ದಂಡ.

ಹಾಗಿದ್ದೂ ಕೆಲವು ಯೀಸ್ಟ್ ಬದುಕುತ್ತಿದ್ದವು. ಸಿಕ್ಕಿಹಾಕಿಕೊಂಡ ಆಮ್ಲವನ್ನು ಅವು ಶಕ್ತಿ ಖರ್ಚು ಮಾಡಿ ಹೊರಗೆ ಹಾಕುತ್ತಿರಬೇಕು ಎಂದು 1977ರಲ್ಲಿ ವಾರ್ತ್ ಎಂಬ ವಿಜ್ಞಾನಿ ಸೂಚಿಸಿದರು. ತೂತು ಬಿದ್ದ ದೋಣಿಯಿಂದ ನೀರು ಮೊಗೆದು ಚೆಲ್ಲಿದ ಹಾಗೆ. ಆದರೆ ಮೊಗೆಯುವುದು ಯಾವ ಪ್ರೋಟೀನ್? ಅದಕ್ಕೆ ಜೀನುಗಳ ಪಟ್ಟಿ ಬೇಕಿತ್ತು. ಬ್ರೆಡ್ಡಿನ ಯೀಸ್ಟಿನ ಸುಮಾರು 6,000 ಜೀನುಗಳ ಇಡೀ ಪಟ್ಟಿ 1996ರಲ್ಲಿ ಸಿಕ್ಕಿತು. ಎರಡೇ ವರ್ಷಕ್ಕೆ, 1998ರಲ್ಲಿ, ಪಿಡಿಆರ್12 ಎಂಬ ಪಂಪು ಬೆಳಕಿಗೆ ಬಂತು. ಈ ಜೀನ್ ತೆಗೆದುಹಾಕಿದ ಯೀಸ್ಟ್ ಬೆಂಜೋಯಿಕ್ ಆಮ್ಲವನ್ನೂ ಅದರಂತೆಯೇ ಸಂರಕ್ಷಕವಾಗಿ ಬಳಸುವ ಸಾರ್ಬಿಕ್ ಆಮ್ಲವನ್ನೂ ತಾಳಲಾರದೆ ಸೋತಿತು.

ನನಗೆ ಇದಕ್ಕಿಂತ ಮಜಾ ಅನಿಸುವುದು 2003ರ ಶೋಧ. ಈ ಪಂಪು ದೊಡ್ಡ ಪ್ರಮಾಣದಲ್ಲಿ ತಯಾರಾಗುವುದು ಆಮ್ಲ ಒಳಗೆ ಬಂದ ಮೇಲೆಯೇ. ವಾರ್1 ಎಂಬ ಪ್ರೋಟೀನ್ ಆಮ್ಲದ ಸುಳಿವು ಹಿಡಿದು ಪಿಡಿಆರ್12 ಜೀನನ್ನು ಚುರುಕುಗೊಳಿಸುತ್ತದೆ. ಅಂದರೆ ‘ಜಾಸ್ತಿ ಬೇಡ, ಒಂಚೂರು ಹಾಕೋಣ’ ಎಂದು ಅರೆಬರೆ ಬೆಂಜೊಯೇಟ್ ಹಾಕಿದರೆ ಯೀಸ್ಟ್ ಸಾಯುವುದಿಲ್ಲ. ಪಂಪು ಕಟ್ಟಿಕೊಂಡು ಗಟ್ಟಿಯಾಗುತ್ತದೆ. ಹಾಗಂತ ಮಿತಿ ಮೀರಿ ಸುರಿಯುವಂತೆಯೂ ಇಲ್ಲ, ಅದಕ್ಕೆ ಕಾನೂನಿನ ಲೆಕ್ಕ ಇದೆ. ರಸವನ್ನು ಸರಿಯಾಗಿ ಬಿಸಿ ಮಾಡಿ, ಬಿಸಿ ಇರುವಾಗಲೇ ಶುದ್ಧ ಬಾಟಲಿಗೆ ತುಂಬಿದರೆ ಯಾವ ಪಂಪೂ ಯೀಸ್ಟನ್ನು ಉಳಿಸದು.

ಕತೆ ಇಲ್ಲಿಗೆ ಮುಗಿಯಲಿಲ್ಲ. ಹಣ್ಣಿನ ರಸದ ಕಾರ್ಖಾನೆಗಳಿಗೆ ಜಾಸ್ತಿ ಕಾಟ ಕೊಡುವುದು ಜೈಗೋಸ್ಯಾಕರೋಮೈಸಿಸ್ ಬೈಲಿ ಎಂಬ ಬೇರೆ ಜಾತಿ. ವಾರ್ತ್ ನೋಡಿದ್ದೂ ಇದನ್ನೇ. ಇದರ ತಾಕತ್ತಿಗೆ ಪಂಪೊಂದೇ ಕಾರಣವಲ್ಲ ಎನ್ನುತ್ತವೆ ಈಚಿನ ಅಧ್ಯಯನಗಳು. ಗುಂಪಿನ ಬೆರಳೆಣಿಕೆಯ ಕೋಶಗಳು ಒಳಗನ್ನೂ ಸ್ವಲ್ಪ ಹುಳಿಯಾಗಿಯೇ ಇಟ್ಟುಕೊಂಡಿರುತ್ತವಂತೆ. ಒಳಗೂ ಹುಳಿ ಇದ್ದರೆ ನುಗ್ಗಿದ ಆಮ್ಲ ಅಷ್ಟಾಗಿ ಒಡೆಯುವುದಿಲ್ಲ, ಒಳಗೆ ರಾಶಿಯೂ ಬೀಳುವುದಿಲ್ಲ.