ಕ್ರಿಸ್‌ಮಸ್‌ಗೆ ವೈನ್ ಹಾಕಿದ್ದೀರಾ, ಟೀಚರ್?

ಡಿಸೆಂಬರ್ ಮೊದಲ ವಾರ ಬಂತು ಅಂದರೆ ಈ ಪ್ರಶ್ನೆ ಶುರು. ಹಾಲಿನವನು ಕೇಳುತ್ತಾನೆ. ಹಳೇ ವಿದ್ಯಾರ್ಥಿಗಳು ಫೋನ್ ಮಾಡಿ ಕೇಳುತ್ತಾರೆ. "ನಮಗೂ ಒಂದು ಬಾಟ್ಲಿ ಎತ್ತಿಟ್ಟಿರಿ ಟೀಚರ್" ಅಂತ ನಗುತ್ತಾರೆ. ಈಗ ಓದುಗರೂ ಬರೆದು ಕೇಳುತ್ತಿದ್ದಾರೆ. ಕೋಲಾರದಲ್ಲಿ ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಮಗ್ಗಿ ಬಾಯಿಪಾಠ ಮಾಡಿಸಿದ್ದೇನೆ, ಸಂಧಿ ಸಮಾಸ ಕಲಿಸಿದ್ದೇನೆ. ಇದೊಂದನ್ನು ಮಾತ್ರ ಯಾರ ತಲೆಗೂ ಹಾಕಲು ಆಗಲಿಲ್ಲ. ಇನ್ನೊಂದು ಸಲ ಹೇಳುತ್ತೇನೆ, ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ವೈನ್ ಮಾಡುವುದಿಲ್ಲ. ಹಬ್ಬಕ್ಕೂ ಇಲ್ಲ, ಆರಾಧನೆಗೂ ಇಲ್ಲ.

"ಮತ್ತೆ ಚರ್ಚಲ್ಲಿ ಕೊಡ್ತಾರಲ್ಲ?" ಇದು ಎರಡನೇ ಪ್ರಶ್ನೆ, ತಪ್ಪದೆ ಬರುತ್ತದೆ.

ಕೊಡುತ್ತಾರೆ. ಏನು ಕೊಡುತ್ತಾರೆ ಅನ್ನೋದನ್ನು ಯಾರೂ ಕೇಳುವುದಿಲ್ಲ. ನಾವು ಮೆಥಡಿಸ್ಟರು, ಪ್ರಾಟೆಸ್ಟೆಂಟರಲ್ಲಿ ಒಂದು ಪಂಗಡ. ಕೋಲಾರದವರಿಗೆ ಇಟಿಸಿಎಂ ಆಸ್ಪತ್ರೆ ಗೊತ್ತಲ್ಲ, ಆ ಮಿಷನ್ನಿನ ಸಭೆ. ಕರ್ತನ ಭೋಜನದ ದಿನ, ಅಂದರೆ ಯೇಸುವಿನ ಕೊನೆಯ ಊಟವನ್ನು ನೆನೆಯುವ ಆರಾಧನೆಯಲ್ಲಿ, ರೊಟ್ಟಿಯ ಜೊತೆ ಹೆಬ್ಬೆರಳಿನಷ್ಟು ಲೋಟದಲ್ಲಿ ನಮಗೆ ಸಿಗುವುದು ದ್ರಾಕ್ಷಿಯ ರಸ. ಹುಳಿ ಬಂದು ಅಮಲೇರಿದ್ದಲ್ಲ, ಬರೀ ರಸ. ಇದರ ಹಿಂದೆ ಒಂದು ಕಥೆಯೇ ಇದೆ. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ವೆಲ್ಚ್ ಅಂತ ಒಬ್ಬ ಹಲ್ಲಿನ ಡಾಕ್ಟರ್ ಇದ್ದ. ಅವನೂ ಮೆಥಡಿಸ್ಟನೇ. ಕುಡಿತ ಬೇಡ ಅನ್ನುವ ಸಭೆ ದೇವರ ಮೇಜಿನ ಮೇಲೆ ವೈನ್ ಇಡುವುದು ಅವನಿಗೆ ಸರಿ ಕಾಣಲಿಲ್ಲ. ರಸವನ್ನು ಬಾಟ್ಲಿಗೆ ತುಂಬಿ ಬಿಸಿನೀರಲ್ಲಿ ಕಾಯಿಸಿದ. ದ್ರಾಕ್ಷಿಯ ಸಿಪ್ಪೆಯ ಮೇಲೇ ಯೀಸ್ಟ್ ಇರುತ್ತದೆ, ಸಕ್ಕರೆಯನ್ನು ಮದ್ಯ ಮಾಡುವುದು ಅದೇ. ಕಾಯಿಸಿದರೆ ಅದು ಸಾಯುತ್ತದೆ, ರಸ ರಸವಾಗಿಯೇ ಉಳಿಯುತ್ತದೆ.

ಕೆಥೋಲಿಕರಲ್ಲಿ ಹೀಗಲ್ಲ. ಅವರ ಬಲಿಪೂಜೆಗೆ ದ್ರಾಕ್ಷಿಯಿಂದಲೇ ಮಾಡಿದ ನಿಜವಾದ ವೈನ್ ಬೇಕು, ಅದು ಅವರ ಸಭೆಯ ಕಾನೂನು. ಅದಕ್ಕೆ ಚೂರು ನೀರು ಬೆರೆಸುತ್ತಾರೆ. ಆದರೆ ಸಾಲಲ್ಲಿ ನಿಂತ ಜನರ ಕೈಗೆ ಸಾಮಾನ್ಯವಾಗಿ ಬರುವುದು ತೆಳ್ಳನೆಯ ರೊಟ್ಟಿ ಅಷ್ಟೇ.

ಅರ್ಧ ಗೊಂದಲಕ್ಕೆ ನಮ್ಮ ಕನ್ನಡವೇ ಕಾರಣ ಅಂತ ನನ್ನ ಅನುಮಾನ. ಕನ್ನಡ ಬೈಬಲ್‌ನಲ್ಲಿ ವೈನ್‌ಗೆ ಇರುವ ಮಾತು 'ದ್ರಾಕ್ಷಾರಸ'. ಬಿಡಿಸಿ ನೋಡಿದರೆ ಸುಮ್ನೆ ದ್ರಾಕ್ಷಿಯ ರಸ! ನಾವು ಚಿಕ್ಕವರಿದ್ದಾಗ ಆ ಮಾತು ಕೇಳಿದರೆ ಬಸ್‌ಸ್ಟ್ಯಾಂಡಿನ ಜ್ಯೂಸ್ ಅಂಗಡಿ ನೆನಪಾಗುತ್ತಿತ್ತು. ನಮ್ಮ ಪಕ್ಕದ ಮನೆಯವರು ಅದೇ ಮಾತನ್ನು ಬಾಟ್ಲಿ ಅಂತ ತಿಳಿಯುತ್ತಾರೆ.

ಇನ್ನು ಬೈಬಲ್ ಓದಿದವರ ವಾದ. "ಯೇಸುವೇ ನೀರನ್ನು ದ್ರಾಕ್ಷಾರಸ ಮಾಡಿದನಲ್ಲ?" ಮಾಡಿದ. ಯೋಹಾನನ ಸುವಾರ್ತೆ, 2ನೇ ಅಧ್ಯಾಯ. ಆರು ಕಲ್ಲಿನ ಬಾನೆಗಳ ಲೆಕ್ಕವೂ ಇದೆ. ಆದರೆ ಅದು ಕಾನಾ ಊರಿನ ಮದುವೆ ಮನೆ, ಬೆತ್ಲೆಹೇಮಿನ ದನದ ಕೊಟ್ಟಿಗೆ ಅಲ್ಲ. ಕ್ರಿಸ್‌ಮಸ್ ಕಥೆಯಲ್ಲೇ ಹುಡುಕುತ್ತೀರಾದರೆ ಲೂಕನ ಸುವಾರ್ತೆಯ ಮೊದಲ ಅಧ್ಯಾಯ ತೆಗೆಯಿರಿ. ಅಲ್ಲಿ ದ್ರಾಕ್ಷಾರಸದ ಮಾತು ಬರುವುದು ಒಂದೇ ಕಡೆ. ಹುಟ್ಟಲಿರುವ ಸ್ನಾನಿಕ ಯೋಹಾನ (ಸುವಾರ್ತೆಯ ಯೋಹಾನ ಬೇರೆ) ಅದನ್ನು ಮುಟ್ಟುವುದಿಲ್ಲ ಅಂತ ದೇವದೂತ ಹೇಳುವಾಗ!

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಪೂರ್ತಿ ಗಾಳಿಮಾತಲ್ಲ, ಒಪ್ಪುತ್ತೇನೆ. ಮಂಗಳೂರು, ಗೋವಾ ಕಡೆ ಮನೆಯಲ್ಲಿ ವೈನ್ ಹಾಕುವ ರೂಢಿ ಇದೆ. ನಮ್ಮ ಕೆಜಿಎಫ್‌ಗೆ 1880ರಲ್ಲಿ ಚಿನ್ನದ ಗಣಿಯ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಆಂಗ್ಲೋ ಇಂಡಿಯನ್ ಕುಟುಂಬಗಳು ಬಂದವು, ಅವರಲ್ಲೂ ಇತ್ತು. ಉಳಿದಿದ್ದನ್ನು ಸಿನಿಮಾದವರು ಮಾಡಿದರು. ತೆರೆಯ ಮೇಲೆ ಕೊರಳಲ್ಲಿ ಶಿಲುಬೆ ಇದ್ದರೆ ಕೈಯಲ್ಲಿ ಗ್ಲಾಸ್ ಇರಲೇಬೇಕು. ನಮ್ಮಲ್ಲಿ ಕುಡಿಯುವವರು ಇಲ್ಲವೇ? ಇದ್ದಾರೆ. ವರ್ಷತೊಡಕಿನ ದಿನ ಊರಲ್ಲಿ ಎಷ್ಟು ಜನ ಕುಡಿಯುತ್ತಾರೆ, ನೋಡಿಲ್ವಾ? ಅದಕ್ಕೆ ಯುಗಾದಿ ಕುಡಿತದ ಹಬ್ಬ ಅಂತ ನಾನು ಯಾವತ್ತಾದರೂ ಅಂದಿದ್ದೇನಾ? ಇನ್ನೊಂದು ಮಾತು, ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಬಾಟ್ಲಿ ಕೇಳುವ ಹಳೇ ವಿದ್ಯಾರ್ಥಿಗಳಲ್ಲಿ ಒಬ್ಬ ಪೊಲೀಸ್ ಇಲಾಖೆಯಲ್ಲೇ ಇದ್ದಾನೆ.

ಒಂದೇ ಒಂದು ಸಲ ನಮ್ಮ ಮನೆಯಲ್ಲಿ ವೈನ್ ಆಗಿತ್ತು. ಸುಳ್ಳು ಹೇಳಬಾರದು. ಆಗ ಸಭೆಗೆ ರಸ ಮಾಡಿಕೊಡುವ ಕೆಲಸ ಅಮ್ಮನದು. ಚಿಕ್ಕಬಳ್ಳಾಪುರದಲ್ಲಿರುವ ಅಕ್ಕ ಒಂದು ಬುಟ್ಟಿ ಬೆಂಗಳೂರು ಬ್ಲೂ ದ್ರಾಕ್ಷಿ ಕಳಿಸುತ್ತಿದ್ದಳು. ಗೊತ್ತಲ್ಲ, ದಪ್ಪ ಸಿಪ್ಪೆ, ಬೀಜ, ಕೈಗೆ ಹತ್ತಿದರೆ ಮೂರು ದಿನ ಬಿಡದ ಬಣ್ಣ. ಅಮ್ಮ ಹಣ್ಣನ್ನು ಕುದಿಸಿ, ಹಳೇ ಪಂಚೆಯಲ್ಲಿ ಹಿಂಡಿ, ಮತ್ತೆ ಕಾಯಿಸಿ ಬಾಟ್ಲಿಗೆ ತುಂಬುತ್ತಿದ್ದಳು. ಆ ವರ್ಷ ಗ್ಯಾಸ್ ಮುಗಿದು ಎರಡನೇ ಸಲ ಕಾಯಿಸಲಿಲ್ಲ. ಬಾಟ್ಲಿಯನ್ನು ಅಕ್ಕಿ ಡಬ್ಬದ ಪಕ್ಕ ಇಟ್ಟು ಮರೆತಳು. ಡಿಸೆಂಬರ್ 23ರ ರಾತ್ರಿ ಡಬ್ ಅಂತ ಸದ್ದು. ಎದ್ದು ನೋಡಿದರೆ ಮುಚ್ಚಳ ಅಟ್ಟದ ಮೇಲೆ, ಹೊಸದಾಗಿ ಸುಣ್ಣ ಬಳಿದ ಗೋಡೆ ತುಂಬ ನೇರಳೆ ಚುಕ್ಕಿ, ಮನೆಯೆಲ್ಲ ಹುಳಿ ವಾಸನೆ. ಬೆಳಿಗ್ಗೆ ಪಕ್ಕದ ಮನೆ ಸರಸಮ್ಮನವರು ಮೂಗು ಅರಳಿಸಿ, "ಹಾಕಿದ್ರಿ ಅಂತ ಹೇಳ್ಬಾರ್ದಾ?" ಅಂದರು. ಅಮ್ಮ ಅವತ್ತು ಅಳುವುದೊಂದು ಬಾಕಿ. ಆ ಕ್ರಿಸ್‌ಮಸ್‌ಗೆ ಒಣದ್ರಾಕ್ಷಿ ನೆನೆಸಿ ಕುದಿಸಿ ಕೆಲಸ ಮುಗಿಸಿದೆವು.

ವೈನ್ ಇಲ್ಲದ ಹಬ್ಬದಲ್ಲಿ ಏನಿರುತ್ತದೆ ಅಂದರೆ, ಕೆಲಸ ಇರುತ್ತದೆ. ಪಾಕ ಹದಕ್ಕೆ ಬಂತಾ ಅಂತ ನೀರಿಗೆ ಬಿಟ್ಟು ನೋಡುವ ಕಜ್ಜಾಯ, ಕರ್ಜಿಕಾಯಿ, ನಿಪ್ಪಟ್ಟು, ಅಚ್ಚನ್ನು ಎಣ್ಣೆಯಲ್ಲಿ ಅದ್ದಿ ಬಿಡಿಸುವ ರೋಸ್ ಕುಕೀಸ್. ರಾತ್ರಿ ಹನ್ನೊಂದಕ್ಕೆ ಕ್ಯಾರಲ್ಸ್ ಹುಡುಗರು ಡೋಲಕ್ ಬಾರಿಸಿಕೊಂಡು ಬರುತ್ತಾರೆ, ಇಪ್ಪತ್ತು ಲೋಟ ಟೀ ಆಗಬೇಕು. ಹಬ್ಬದ ದಿನ ಬೆಳಗಿನ ಜಾವದ ಚಳಿಯಲ್ಲಿ ಆರಾಧನೆ, ಮಧ್ಯಾಹ್ನ ಬಿರಿಯಾನಿ, ಸಂಜೆ ತಟ್ಟೆಗೆ ಕರವಸ್ತ್ರ ಮುಚ್ಚಿ ಮನೆ ಮನೆಗೆ ಹಂಚುವುದು. ಸರಸಮ್ಮನವರ ಮನೆಗೆ ಮಾತ್ರ ಮೊಟ್ಟೆ ಇಲ್ಲದ ಕೇಕ್. ಇನ್ನು 31ರ ರಾತ್ರಿ ಊರೆಲ್ಲ ಪಾರ್ಟಿ ಮಾಡುವಾಗ ನಾವು ಚರ್ಚಿನ ಬೆಂಚಿನ ಮೇಲೆ ಶಾಲು ಹೊದ್ದು ಹನ್ನೆರಡು ಗಂಟೆ ಹೊಡೆಯುವುದನ್ನೇ ಕಾಯುತ್ತಾ ಕೂತಿರುತ್ತೇವೆ.

ಯಾರೂ ಕೇಳದ ಒಂದು ಪ್ರಶ್ನೆ ಇದೆ, ಅದಕ್ಕೂ ಉತ್ತರ ಕೊಟ್ಟುಬಿಡುತ್ತೇನೆ. ಬಾಗಿಲಿಗೆ ಕಟ್ಟಿದ ನಕ್ಷತ್ರವನ್ನು ಯಾವಾಗ ಇಳಿಸಬೇಕು? 26ಕ್ಕೇ ಇಳಿಸುವವರಿದ್ದಾರೆ, ನನಗೆ ಸಿಟ್ಟು ಬರುತ್ತದೆ. ಜನವರಿ 6ರವರೆಗೆ ಇರಬೇಕು. ಅದು ನಕ್ಷತ್ರ ನೋಡಿಕೊಂಡು ಮೂಡಣ ದೇಶದ ಜೋಯಿಸರು ಮಗು ಯೇಸುವನ್ನು ಕಾಣಲು ಬಂದ ನೆನಪಿನ ದಿನ. ಅವರು ಮೂವರು ಅಂತ ಈ ಕಥೆ ಹೇಳುವ ಸುವಾರ್ತೆಗಾರ ಮತ್ತಾಯ ಎಲ್ಲೂ ಬರೆದಿಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಕಾಣಿಕೆ ಮೂರು, ಅದಕ್ಕೆ ಜನರೂ ಮೂವರು ಅಂತ ನಾವೇ ಲೆಕ್ಕ ಹಾಕಿಕೊಂಡೆವು. ಅವರು ಬಂದಿದ್ದು ಕೊಟ್ಟಿಗೆಗೂ ಅಲ್ಲ, ಮನೆಗೆ. ಅದನ್ನೂ ಮತ್ತಾಯನೇ ಹೇಳುತ್ತಾನೆ.

ನಮ್ಮ ಮನೆಯ ನಕ್ಷತ್ರ 6ಕ್ಕೂ ಇಳಿಯುವುದಿಲ್ಲ, ಆ ಮಾತು ಬೇರೆ. ಏಣಿ ಸರಸಮ್ಮನವರದು. ಅವರ ಮಗ ಸಂಕ್ರಾಂತಿಗೆ ತೋರಣ ಕಟ್ಟಲು ಅದನ್ನು ಅಟ್ಟದಿಂದ ಇಳಿಸಿದಾಗಲೇ ನಮ್ಮದೂ ಇಳಿಯುವುದು.